ಕರೆದವರು ಬರುವ ತನಕ

ನಮ್ಮ ಊರಿನಲ್ಲಿ ಒಂದು ಸಮಾರಂಭಕ್ಕೆ ಕರೆಸಿಕೊಂಡವರೆಲ್ಲ ಬಂದು ಸೇರುವವರೆಗೆ, ಅಲ್ಲಿಗೆ ಬಂದವರು ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೆಲ ಬಿಟ್ಟು ಏಳುತ್ತಿರಲಿಲ್ಲ. ಎಂಥ ಬಲಶಾಲಿ ಹಿಡಿದೆಳೆದರೂ ಅಷ್ಟೆ. ಬರಿಗಾಲಿನಲ್ಲಿ ಮನೆಗೆ ಹೋಗಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಆದರೆ ಚಪ್ಪಲಿಗಳು ಆ ಅಂಗಳದಲ್ಲೇ ಉಳಿದು, ಈ ಮನೆಯವರು ಕರೆಯುವುದನ್ನು ಬಲ್ಲರು, ಬರಮಾಡಿಕೊಳ್ಳುವುದನ್ನು ಅರಿಯರು ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಸಾರುತ್ತಿದ್ದವು. ಬಾರದವರನ್ನು ಕರೆತರಲು ಹೊರಟವರ ಚಪ್ಪಲಿಗೆ ಮಾತ್ರ ಈ ಕಟ್ಟು ಇರಲಿಲ್ಲ. ಅವು ಸುಮ್ಮನೆ ಕಾಲಿಗೆ ಬರುತ್ತಿದ್ದವು.

ಈಗ ನಾನಿರುವ ನಗರದಲ್ಲಿ ಫೋನಿನ ಮೇಲೆ ಒಮ್ಮೆ ಬೆರಳಾಡಿಸಿ ಊರಿಗೆ ಊರನ್ನೇ ಮದುವೆಗೆ ಕರೆಯುತ್ತಾರೆ. ಇದನ್ನೇ ಖುದ್ದು ಬಂದು ಕರೆದೆವೆಂದು ಭಾವಿಸಿ ಎಂಬ ಒಕ್ಕಣೆ ಬೇರೆ. ಖುದ್ದು ಬಾರದವರನ್ನು ಬಂದರೆಂದು ನಾನೇಕೆ ಭಾವಿಸಬೇಕು? ಕರೆದವರಿಗೆ ಯಾರು ಬಂದರೆಂದು ಗೊತ್ತಿಲ್ಲ, ಬಂದವರಿಗೆ ಯಾರು ಕರೆದರೆಂದು ಗೊತ್ತಿಲ್ಲ. ಅರ್ಧ ಅಡಿಗೆ ಮೋರಿಗೆ ಹೋಗುತ್ತದೆ, ಇನ್ನರ್ಧ ಸಾಲದೆ ಕೊನೆಯ ಪಂಕ್ತಿಯವರು ಬರಿಯ ಮಜ್ಜಿಗೆ ಅನ್ನ ಉಂಡು ಏಳುತ್ತಾರೆ. ಇದನ್ನೆಲ್ಲ ಕಂಡಾಗ ಮನಸ್ಸು ಕುದಿಯುತ್ತದೆ. ಆಗ ನಮ್ಮ ಊರು ನೆನಪಾಗುತ್ತದೆ.

ನಮ್ಮಲ್ಲಿ ಕರೆಯುವ ಮೊದಲು ಹೆಸರು ತೂಗುತ್ತಿದ್ದರು. ನಾಮಕರಣವಾಗಲಿ, ಗೃಹಪ್ರವೇಶವಾಗಲಿ, ಮನೆಯವರೆಲ್ಲ ಪಡಸಾಲೆಯಲ್ಲಿ ಕುಳಿತು ಅಕ್ಕಯ್ಯಮ್ಮನನ್ನು ಕರೆಸುವರು. ಆಕೆ ಸಣ್ಣ ಆಳು, ದೊಡ್ಡ ದನಿ. ಚಕ್ಕಳಮಕ್ಕಳ ಹಾಕಿಕೊಂಡು, ಎಲೆಗೆ ಸುಣ್ಣ ಸವರುತ್ತ, ಒಂದೊಂದೇ ಹೆಸರನ್ನು ಎತ್ತಿಕೊಳ್ಳುವಳು. "ಇವನನ್ನ ಯಾಕೆ ಕರೀತೀಯ? ಪ್ರೀತಿಗೋ, ಹೆದರಿಕೆಗೋ? ಬಂದ್ರೆ ಎಲ್ಲಿ ಕೂರಿಸ್ತೀಯ? ಬರದೆ ಹೋದ್ರೆ ಕರಕೊಂಡು ಬರಕ್ಕೆ ಯಾರು ಎದ್ದು ಹೋಗ್ತೀರಿ?" ಎಂದು ಕೇಳುವಳು. ಉತ್ತರದಿಂದ ತೃಪ್ತಿಯಾಗದಿದ್ದರೆ ಆ ಹೆಸರು ಬೀಳುತ್ತಿತ್ತು. ಹಾಗೆ ಬಿದ್ದವರಿಗೆ ಬೇಸರವಾಗುತ್ತಿರಲಿಲ್ಲ. ನಮ್ಮಲ್ಲಿ ಕಾಯಿಲೆಯವರು, ಕೆಲಸವಿದ್ದವರು, ತಾವೇ ಮುಂದಾಗಿ ಹೋಗಿ "ಈ ಸಲ ನಮ್ಮನ್ನ ಕರೀಬೇಡಿ" ಎಂದು ಹೇಳಿ ಬರುತ್ತಿದ್ದರು. ಅದು ನಮ್ಮೂರಿನ ದೊಡ್ಡ ಮರ್ಯಾದೆ.

ಒಂದು ಮಗುವಿನ ನಾಮಕರಣದ ದಿನ ನೆನಪಿದೆ. ಹಾಸಿಗೆ ಹಿಡಿದಿದ್ದ ಮುತ್ತಜ್ಜನನ್ನು, ಅವರದೇ ಹೆಸರನ್ನು ಮಗುವಿಗೆ ಇಡುವುದರಿಂದ, ಎತ್ತಿಕೊಂಡಾದರೂ ಬರಬೇಕೆಂದು ಕರೆದಿದ್ದರು. ನಾವು ಕಾಯುತ್ತಿದ್ದಾಗ ಒಂದು ಹುಡುಗಿ ಆಟಕ್ಕೆ ಚಪ್ಪಲಿಯನ್ನು ಕಾಲಲ್ಲಿ ತಳ್ಳಿದಳು, ಅದು ಸರಕ್ಕನೆ ಜಾರಿತು. ಬಾಗಿಲಿಗೆ ಯಾರೂ ಬಂದಿರಲಿಲ್ಲ. ಒಳಗಿದ್ದವರೆಲ್ಲ ಎದ್ದು ನಿಂತರು. ಸುದ್ದಿ ತರುವವನು ಬರುವ ಮೊದಲೇ ಮನೆ ಅಳತೊಡಗಿತ್ತು.

ಹಾಗೆಯೇ, ತೂಗದೆ ಕರೆದವರ ಗತಿಯೂ ನಮ್ಮ ಕಣ್ಣ ಮುಂದಿತ್ತು. ಪೇಟೆಯ ಬೀದಿಯಲ್ಲಿ ಒಬ್ಬ ವ್ಯಾಪಾರಿ, ಮಗಳ ಮದುವೆಗೆ ತನ್ನ ಭಾವಮೈದುನನನ್ನು ಕರೆದು, ಅವನು ಬಂದಾಗ ಹಳೆಯ ಜಗಳ ತೆಗೆದು ಹೊಸಿಲಿನಿಂದಲೇ ಹಿಂದಕ್ಕೆ ಕಳಿಸಿದ್ದ. ನಾನು ಹುಟ್ಟುವುದಕ್ಕೂ ಮೊದಲಿನ ಮಾತು. ಆ ಅಂಗಳದಲ್ಲಿ ಚಪ್ಪಲಿಗಳು ಮಳೆಗೆ ನೆನೆದು, ಬಿಸಿಲಿಗೆ ಸೆಟೆದು, ನಡುವೆ ತುಂಬೆ ಗಿಡ ಬೆಳೆದಿತ್ತು. ಆ ಮನೆಗೆ ಮತ್ತೆ ಯಾರೂ ಕಾಲಿಡಲಿಲ್ಲ, ತಮ್ಮ ಮಕ್ಕಳನ್ನು ಆ ಗೇಟಿನ ಹತ್ತಿರ ಆಡಲೂ ಬಿಡಲಿಲ್ಲ. ಚಪ್ಪಲಿ ಕಚ್ಚಿದ ಅಂಗಳ ಎಂದರೆ ನಮ್ಮಲ್ಲಿ ಮುಗಿದುಹೋದ ಮನೆ ಎಂದೇ ಅರ್ಥ.

ಇಷ್ಟು ತಿಳಿದ ಊರಿನವರೇ ಶಾಲೆಯ ಬೆಳ್ಳಿಹಬ್ಬದಲ್ಲಿ ಆ ತಪ್ಪನ್ನು ಮಾಡಿದರು.

ಶಾಲೆಯನ್ನು ಕಟ್ಟಿದವರು ಮುಖ್ಯೋಪಾಧ್ಯಾಯರಾದ ಸದಾಶಿವಾರಾಧ್ಯರು. ಊರಿನವರ ಬಾಯಲ್ಲಿ ಆರಾಧ್ಯ ಮೇಷ್ಟ್ರು. ನಾನು ಅಲ್ಲಿ ಕನ್ನಡ ಕಲಿಸುತ್ತಿದ್ದ ಕಿರಿಯ ಶಿಕ್ಷಕಿ. ಹೆಂಚು ಹೊದಿಸುವುದರಿಂದ ಗಂಟೆ ಹೊಡೆಯುವವರೆಗೆ ಎಲ್ಲವನ್ನೂ ತಾವೇ ಮಾಡಿದ್ದ ಅವರಿಗೆ ಆ ಶಾಲೆಯ ಹೊರತು ಬೇರೆ ಬದುಕು ಇರಲಿಲ್ಲ. ಬೆಳ್ಳಿಹಬ್ಬದ ಸಮಿತಿಗೆ ಅಕ್ಕಿ ಗಿರಣಿಯ ವೀರೇಗೌಡರು ಅಧ್ಯಕ್ಷರಾದರು. ಉದಾರಿ, ಆದರೆ ಆತುರದ ಮನುಷ್ಯ. ಹೆಸರು ತೂಗುವುದೆಲ್ಲ ಮನೆಯ ಶುಭಕಾರ್ಯಗಳಿಗೆ, ಸಾರ್ವಜನಿಕ ಸಮಾರಂಭಕ್ಕೆ ಅಲ್ಲ ಎಂದು ಹೇಳಿ, ದೊಡ್ಡ ಊರಿಗೆ ಹೋಗಿ ಆಹ್ವಾನಪತ್ರಿಕೆ ಅಚ್ಚು ಹಾಕಿಸಿಕೊಂಡು ಬಂದರು. ಜಟಕಾದ ಮೇಲೆ ಮೈಕು ಕಟ್ಟಿ ಅದನ್ನು ಬೀದಿಬೀದಿಯಲ್ಲಿ ಓದಿಸಿದರು. ಅದರ ಕೊನೆಯ ಸಾಲನ್ನು ನಮ್ಮಲ್ಲಿ ಯಾರೂ ಗಮನಿಸಲಿಲ್ಲ. ಗಮನಿಸಿದವಳು ಅಕ್ಕಯ್ಯಮ್ಮ. ಸಮಾರಂಭದ ಹಿಂದಿನ ದಿನ ಪತ್ರಿಕೆಯನ್ನು ಹಿಡಿದುಕೊಂಡು ಶಾಲೆಯಲ್ಲಿ ನಡೆಯುತ್ತಿದ್ದ ಸಮಿತಿಯ ಸಭೆಗೆ ಬಂದಳು.

"ಏನ್ ಗೌಡ್ರೇ, ಕೆಳಗಡೆ 'ಸರ್ವರಿಗೂ ಆದರದ ಸ್ವಾಗತ' ಅಂತ ಹಾಕ್ಸಿದ್ದೀರಿ. ಸರ್ವರನ್ನ ತೂಗಿದ್ರಾ?"

"ಅಯ್ಯೋ ಅಕ್ಕಯ್ಯಮ್ನೋರೇ, ಅದು ಪ್ರೆಸ್ಸಿನೋನು ಎಲ್ಲಾ ಕಾರ್ಡಿಗೂ ಹಾಕ್ತಾನೆ. ಮೂಲೇಲಿ ಹೂವಿನ ಚಿತ್ರ ಹಾಕ್ದಂಗೆ."

"ಹೂವಿನ ಚಿತ್ರ ಊಟಕ್ಕೆ ಬರಲ್ಲ ಗೌಡ್ರೇ. ಸರ್ವರು ಬರ್ತಾರೆ."

"ಅಚ್ಚಾಗಿರೋ ಮಾತು ಅದು. ಬಾಯಿಬಿಟ್ಟು ಕರೆದಂಗಾಗಲ್ಲ."

"ಜಟಕಾ ಮೇಲೆ ಕೂತು ಓದ್ದನಲ್ಲ ನಿಮ್ಮ ಹುಡುಗ, ಅವನೇನು ಮೂಗಲ್ಲಿ ಓದಿದ್ನಾ?"

ನಗು ಎದ್ದಿತು, ಬೇಗನೆ ನಿಂತಿತು. ನಮ್ಮ ಊರಿನಲ್ಲಿ ಒಮ್ಮೆ ಹೊರಟ ಕರೆಯನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ. ಗೌಡರು ಮುಖ ಒರೆಸಿಕೊಂಡು, "ಸರ್ವರು ಅಂದ್ರೆ ನಮ್ಮೋರೆಲ್ಲ ಅಂತ" ಎಂದರು. ಆ ಮಾತು ಕೇಳಿ ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಇಪ್ಪತ್ತೈದು ವರ್ಷ ಮಕ್ಕಳಿಗೆ ಸಮಾನತೆಯ ಪಾಠ ಹೇಳಿದ ಕಟ್ಟಡದ ಒಳಗೇ ಕುಳಿತು ಅವರು ಅದನ್ನು ಹೇಳಿದ್ದರು, ನಾವು ಶಿಕ್ಷಕರು ತಲೆ ತಗ್ಗಿಸಿ ಕೇಳಿದ್ದೆವು. ತಲೆ ಎತ್ತಿದವರು ಆರಾಧ್ಯ ಮೇಷ್ಟ್ರು ಒಬ್ಬರೇ.

"ಚಪ್ಪಲಿ ಕಚ್ಚಿದ ಅಂಗಳಕ್ಕೆ ಯಾವ ತಾಯಿ ಮಗುವನ್ನು ಕಳಿಸುತ್ತಾಳೆ ಗೌಡರೇ? ನಾಳೆ ಒಬ್ಬರು ಉಳಿದರೂ ಈ ಶಾಲೆ ಮುಚ್ಚಿದಂತೆಯೇ" ಎಂದರು. "ಕರೆದಿದ್ದೇವೆ. ಕರೆತರೋಣ."

ಭಾನುವಾರ ಬೆಳಿಗ್ಗೆ ಸಮಾರಂಭ ಪ್ರಾರಂಭವಾಯಿತು. ಮುಖ್ಯ ಅತಿಥಿಗಳು ಯಾವುದೋ ಇಲಾಖೆಯ ಅಧಿಕಾರಿ. ಭಾಷಣ ಮುಗಿಸಿ, ಹಾರ ಹಾಕಿಸಿಕೊಂಡು, ಬಾಗಿಲಲ್ಲಿ ಬೂಟಿನ ಜೊತೆ ಸ್ವಲ್ಪ ಹೊತ್ತು ಗುದ್ದಾಡಿ, ಕೊನೆಗೆ ಕಾಲುಚೀಲದಲ್ಲಿಯೇ ಜೀಪು ಹತ್ತಿದರು. ನಾವು ಅವರಿಗೆ ಕೈ ಮುಗಿದು ಬೀದಿಗಳನ್ನು ಹಂಚಿಕೊಂಡು ಹೊರಟೆವು.

ಎಂದೂ ಯಾರೂ ಕರೆಯದವರೆಲ್ಲ ಅಂದು ಬಂದರು. ಬಾಣಂತಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಬಂದಳು. ಲಕ್ವ ಹೊಡೆದ ಹಳೆಯ ಶಾನುಭೋಗರನ್ನು ಮಂಚದ ಸಮೇತ ಹೊತ್ತು ತಂದೆವು. ಅವರು ದಾರಿಯುದ್ದಕ್ಕೂ "ನಿಧಾನ, ನಿಧಾನ, ನಾನಿನ್ನೂ ಸತ್ತಿಲ್ಲ" ಎನ್ನುತ್ತಿದ್ದರು. ಬೇಲಿಯ ವಿಷಯಕ್ಕೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಬಂದು ಬೇರೆ ಬೇರೆ ಮೂಲೆಯಲ್ಲಿ ಕುಳಿತರು. ಅಡಿಗೆ ಮುಗಿದು, ಗೌಡರ ಗಿರಣಿಯಿಂದ ಅಕ್ಕಿ ಮೂಟೆಯ ಮೇಲೆ ಮೂಟೆ ಬಂತು. ಗೌಡರು ಪ್ರತಿ ಮೂಟೆಗೂ ಒಮ್ಮೆ ಪ್ರೆಸ್ಸಿನವನನ್ನು ಬೈಯುತ್ತಿದ್ದರು.

ನನ್ನ ಪಾಲಿಗೆ ಬಂದದ್ದು ಕೆರೆಯ ಹಿಂದಿನ ಕೇರಿ. ಊರಿನ ಬೀದಿ ಗುಡಿಸುವವರು ಇರುವ ಜಾಗ. ಇಷ್ಟು ವರ್ಷ ನಾವು ಹೆಮ್ಮೆಯಿಂದ ತೂಗಿದ ಹೆಸರುಗಳಲ್ಲಿ ಆ ಕೇರಿಯ ಒಂದು ಹೆಸರೂ ತಕ್ಕಡಿಗೆ ಏರಿರಲಿಲ್ಲ. ನಮ್ಮ ಶಿಸ್ತನ್ನು ಇಂದು ಹೊಗಳುವಾಗ ಇದನ್ನೂ ಹೇಳದಿದ್ದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಅಲ್ಲಿನ ಹಿರಿಯ ಹೆಂಗಸೊಬ್ಬಳು ನನ್ನ ಮಾತನ್ನು ಪೂರ್ತಿ ಕೇಳಿ, ಕೈ ಒರೆಸಿಕೊಂಡು ಕೇಳಿದಳು.

"ಬರ್ತೀವಿ ಟೀಚರಮ್ಮ. ಆದ್ರೆ ನಮ್ಮಲ್ಲಿ ಭಾಳ ಜನಕ್ಕೆ ಚಪ್ಪಲಿನೇ ಇಲ್ಲ. ಪರವಾಗಿಲ್ವಾ?"

"ಬನ್ನಿ" ಎಂದಷ್ಟೇ ಹೇಳಿದೆ. ಅವರು ಬಂದರು. ಅವರಿಗೆ ಹಿಂದಗಡೆ ಬೇರೆ ಎಲೆ ಹಾಕಿಸಲು ಯಾರೋ ಎದ್ದಾಗ ಅಕ್ಕಯ್ಯಮ್ಮನ ದನಿ ಗುಡುಗಿತು. "ಕೂತ್ಕೊಳ್ಳಯ್ಯ ಸುಮ್ನೆ! ಕರೆಯೋವಾಗ ಒಂದೇ ಮೈಕಲ್ಲಿ ಕರೆದ್ರಿ, ಈಗ ಬೇರೆ ಎಲೆ ಯಾಕೆ?" ಅಧಿಕಾರಿಗಳೂ ಅವರ ಜೊತೆಯವರೂ ಖಾಲಿ ಮಾಡಿದ್ದ ಮುಂದಿನ ಸಾಲಿನಲ್ಲಿ ಅವರು ಕುಳಿತರು. ಆ ಒಂದು ಮಧ್ಯಾಹ್ನ ನಮ್ಮ ಶಾಲೆ ತನ್ನ ಗೋಡೆಯ ಮೇಲೆ ಬರೆಸಿಕೊಂಡಿದ್ದ ಮಾತುಗಳಿಗೆ ತಕ್ಕಂತಿತ್ತು. ಈಗಲೂ ಕಣ್ಣು ಮುಚ್ಚಿದರೆ ಆ ಸಾಲು ಕಾಣುತ್ತದೆ.

ಬಿಸಿಲು ಇಳಿಯಿತು. ಎಲ್ಲ ಬೀದಿಗಳಿಂದಲೂ ಹೋದವರು ಹಿಂದಿರುಗಿದ್ದರು. ಆದರೂ ಚಪ್ಪಲಿ ಏಳಲಿಲ್ಲ. ಒಬ್ಬೊಬ್ಬರೂ ತಮ್ಮ ಬೀದಿಯಲ್ಲಿ ಯಾರೂ ಉಳಿದಿಲ್ಲವೆಂದು ಆಣೆ ಮಾಡಿದರು. ಗೌಡರು ಗೇಟಿನ ಬಳಿ ನಿಂತು ಬಾಯಾರಿಕೆಗೆ ಒಂದು ಗೋಲಿಸೋಡ ಕೇಳಿದರು. ಗೇಟಿನ ಹೊರಗೆ ಸೋಡಾ ಗಾಡಿಯ ಗುರುಸಿದ್ದ ಬೆಳಿಗ್ಗೆಯಿಂದಲೂ ವ್ಯಾಪಾರ ಮಾಡುತ್ತಿದ್ದ. ಶಾಲೆಗೆ ಬೇಸಿಗೆಯಲ್ಲೆಲ್ಲ ಅವನದೇ ಗಾಡಿ. ನಾವೆಲ್ಲರೂ ಅಂದು ಅವನ ಸೋಡಾ ಕುಡಿದಿದ್ದೆವು. ಅವನು ಗೋಲಿ ಒತ್ತಿ ಸೀಸೆಯನ್ನು ಗೇಟಿನ ಮೇಲಿಂದ ಚಾಚಿದ. ಅಕ್ಕಯ್ಯಮ್ಮ ಅವನ ಮುಖವನ್ನು ನೋಡಲಿಲ್ಲ, ಕಾಲನ್ನು ನೋಡಿದಳು.

"ಮೇಷ್ಟ್ರೇ, ಆ ಗುರುಸಿದ್ದನ ಕಾಲಲ್ಲಿ ಚಪ್ಪಲಿ ಐತೆ ನೋಡಿ. ಅವನು ಒಳಕ್ಕೆ ಬಂದಿಲ್ಲ."

ಎಲ್ಲರಿಗೂ ಉಸಿರು ಬಂದಂತಾಯಿತು. ಗೌಡರು ನಕ್ಕರು. "ಏ ಗುರುಸಿದ್ದ, ಬಾರೋ ಒಳಗೆ! ನಿನ್ನಿಂದ ಊರೇ ಕಾಲು ಕಳಕೊಂಡು ಕೂತದೆ."

"ನಾ ಬರಲ್ಲ ಗೌಡ್ರೇ. ಸೋಡಾ ಬೇಕಾದ್ರೆ ಕೊಡ್ತೀನಿ."

"ಯಾಕೋ?"

"ಬರಲ್ಲ ಅಂದ್ನಲ್ಲ."

ಗೌಡರ ಮುಖ ಕೆಂಪಾಯಿತು. ಆರಾಧ್ಯ ಮೇಷ್ಟ್ರು ಅವರನ್ನು ಹಿಂದಕ್ಕೆ ಸರಿಸಿ, ಬರಿಗಾಲಿನಲ್ಲೇ ಗೇಟು ದಾಟಿ ಗಾಡಿಯ ಮುಂದೆ ಹೋಗಿ ನಿಂತರು.

"ಗುರುಸಿದ್ದ, ನೀನು ನನ್ನ ವಿದ್ಯಾರ್ಥಿಯಲ್ಲವೇನಪ್ಪಾ?"

"ಹೌದು ಮೇಷ್ಟ್ರೇ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟೋನು. ಜ್ಞಾಪಕ ಇದೆಯಾ ಯಾಕೆ ಬಿಟ್ಟೆ ಅಂತ?"

ಮೇಷ್ಟ್ರಿಗೆ ಜ್ಞಾಪಕವಿರಲಿಲ್ಲ. ಅದನ್ನು ಅವರು ಮರೆಮಾಚಲಿಲ್ಲ, ಇಲ್ಲವೆಂದು ತಲೆಯಾಡಿಸಿದರು. ಗುರುಸಿದ್ದ ಖಾಲಿ ಸೀಸೆಗಳನ್ನು ಜೋಡಿಸುತ್ತಲೇ ಹೇಳಿದ. "ಶಾಲೆ ವಾರ್ಷಿಕೋತ್ಸವ. ಪ್ರಾರ್ಥನೆ ನಂದು ಅಂತ ನೀವೇ ಹೇಳಿದ್ರಿ. ತಿಂಗಳುಗಟ್ಲೆ ಕಲಿಸಿದ್ರಿ. ನಮ್ಮವ್ವ ಯಾರದೋ ಮನೇಲಿ ಕೇಳಿ ಬಿಳೀ ಅಂಗಿ ತಂದಿದ್ಲು. 'ಪರದೆ ಹಿಂದೆ ನಿಂತಿರು, ಹೆಸರು ಕರೀತೀನಿ' ಅಂದ್ರಿ. ಆಮೇಲೆ ಬಂದಿದ್ದ ಸಾಹೇಬ್ರ ಮಗಳು ಹಾಡ್ತೀನಿ ಅಂತು. ಅವಳೇ ಹಾಡಿದ್ಲು. ನನಗೆ ಯಾರೂ ಹೇಳಲಿಲ್ಲ. ನಾನು ಅಲ್ಲೇ ನಿಂತಿದ್ದೆ. ಭಾಷಣ ಆಯ್ತು, ನಾಟಕ ಆಯ್ತು. ಇನ್ನೇನು ಕರೀತಾರೆ ಅಂತ ನಿಂತೇ ಇದ್ದೆ. ಕಡೆಗೆ ಪರದೆ ಬಿಚ್ಚಕ್ಕೆ ಬಂದೋನು 'ನೀನಿಲ್ಲಿ ಏನ್ ಮಾಡ್ತಿದೀಯೋ' ಅಂದ."

ಗುರುಸಿದ್ದ ನಕ್ಕ.

"ಅವತ್ತು ಎಲ್ಲರ ಚಪ್ಪಲಿನೂ ಸಲೀಸಾಗಿ ಎದ್ವು ಮೇಷ್ಟ್ರೇ. ನಾ ಬಂದಿದ್ನಲ್ಲ! ಕರೆಸಿಕೊಂಡೋನು ಬಂದ್ರೆ ಸಾಕು, ಬಂದ ಮೇಲೆ ಅವನಿಗೆ ಏನಾಯ್ತು ಅಂತ ಚಪ್ಪಲಿ ಕೇಳಲ್ಲ."

"ನನ್ನದು ತಪ್ಪಾಯಿತು" ಎಂದರು ಮೇಷ್ಟ್ರು. "ದೊಡ್ಡ ತಪ್ಪು. ಒಳಗೆ ಬಾಪ್ಪಾ."

"ಇವತ್ತು ನಾ ಬಂದ್ರೆ ನಿಮ್ಮ ಶಾಲೆ ಉಳಿಯುತ್ತೆ, ಅದಕ್ಕೆ ಕರೀತಿದೀರಿ. ನಾ ಬೇಕು ಅಂತಲ್ಲ. ತಪ್ಪು ಅಂತ ಹೇಳಕ್ಕೂ ನಿಮಗೆ ಇವತ್ತೇ ಬೇಕಾಯ್ತು, ಅಲ್ವಾ?"

ಗೌಡರು ಮುನ್ನುಗ್ಗಿದರು. "ಎತ್ಕೊಂಡು ಬಂದು ಒಳಗೆ ಹಾಕ್ತೀನಿ ಇವನನ್ನ!"

"ಎಳ್ಕೊಂಡು ಬಂದೋನು ಬಂದಂಗಲ್ಲ, ಬಿಡಿ ಗೌಡ್ರೇ" ಎಂದಳು ಅಕ್ಕಯ್ಯಮ್ಮ. ಆ ದೊಡ್ಡ ದನಿಯನ್ನು ಅಷ್ಟು ಮೆಲ್ಲಗೆ ನಾನು ಕೇಳಿದ್ದು ಅದೊಂದೇ ಸಲ.

ನನಗೆ ಮೇಷ್ಟ್ರ ಬೆನ್ನು ಮಾತ್ರ ಕಾಣುತ್ತಿತ್ತು. ಕಾಲು ಶತಮಾನ ಕಟ್ಟಿದ ಶಾಲೆ ಆ ಬೆನ್ನಿನ ಹಿಂದೆ ಇತ್ತು. ಇನ್ನೊಮ್ಮೆ ಬೇಡಿಕೊಳ್ಳುತ್ತಾರೆ, ಕಾಲು ಹಿಡಿಯುತ್ತಾರೆ ಎಂದೇ ನಾವೆಲ್ಲ ಭಾವಿಸಿದೆವು. ಅವರು, "ನೀನು ಹೇಳುವುದು ಸರಿ ಗುರುಸಿದ್ದ. ಬರಬೇಡ" ಎಂದರು. ಹಿಂದಿರುಗಿ ವೇದಿಕೆ ಹತ್ತಿ, ಎಲ್ಲರೂ ಬರಿಗಾಲಿನಲ್ಲಿ ಮನೆಗೆ ಹೋಗಬೇಕೆಂದೂ, ಈ ಶಾಲೆ ಒಬ್ಬನನ್ನು ಕರೆದು ಕಾಯಿಸಿತ್ತೆಂದೂ, ಅದಕ್ಕೆ ಊರು ತೀರ್ಪು ಕೊಡುವುದಾದರೆ ಕೊಡಲೆಂದೂ ಹೇಳಿ ಕೈ ಮುಗಿದರು. ಊರು ಬರಿಗಾಲಿನಲ್ಲಿ ನಡೆಯಿತು. ಮಂಚದ ಮೇಲಿನ ಶಾನುಭೋಗರನ್ನು ಹೊತ್ತವರು ಕಲ್ಲು ತುಳಿದು ಹಲ್ಲು ಕಚ್ಚುತ್ತಿದ್ದರು.

ಸೋಮವಾರ ಶಾಲೆಯ ಅಂಗಳ ತುಂಬ ಚಪ್ಪಲಿಗಳಿದ್ದವು, ಮಕ್ಕಳಿರಲಿಲ್ಲ. ಪೇಟೆಯಿಂದ ಒಬ್ಬರೂ ಬರಲಿಲ್ಲ. ಬಂದವರು ಕೆರೆಯ ಹಿಂದಿನ ಕೇರಿಯ ಕೆಲವು ಮಕ್ಕಳು ಮಾತ್ರ. ಹಿಂದೆಂದೂ ಬಂದವರಲ್ಲ. ನಿನ್ನೆ ಕರೆದರಲ್ಲ, ಅದಕ್ಕೆ ಬಂದೆವು ಎಂದರು. ಅವರನ್ನು ನಾನು ಒಂದನೇ ತರಗತಿಯ ಕೋಣೆಯಲ್ಲಿ ಕೂರಿಸಿ ಅಕ್ಷರ ತಿದ್ದಿಸತೊಡಗಿದೆ. ಪಕ್ಕದ ಏಳನೇ ತರಗತಿಯಿಂದ ಮೇಷ್ಟ್ರ ದನಿ ಕೇಳಿಸಿತು. ಖಾಲಿ ಬೆಂಚುಗಳ ಮುಂದೆ ನಿಂತು ಅವರು ಹಾಜರಿ ಕರೆಯುತ್ತಿದ್ದರು. ಒಂದೊಂದು ಹೆಸರನ್ನೂ ಸ್ಪಷ್ಟವಾಗಿ ಕರೆದು, ಉತ್ತರಕ್ಕೆ ಕಾದು, ಮುಂದಿನ ಹೆಸರಿಗೆ ಹೋಗುತ್ತಿದ್ದರು. ಕೊನೆಯಲ್ಲಿ ಕರೆದರು, "ಗುರುಸಿದ್ದ."

ಮರುದಿನವೂ ಹಾಗೆಯೇ. ಆಮೇಲೂ ಹಾಗೆಯೇ. ಕಿಟಕಿಯಿಂದ ಗೇಟು ಕಾಣುತ್ತಿತ್ತು, ಗೇಟಿನ ಹೊರಗೆ ಸೋಡಾ ಗಾಡಿ ಕಾಣುತ್ತಿತ್ತು. ಕುಡಿಯುವವರಿಲ್ಲದಿದ್ದರೂ ಅವನು ಗಾಡಿಯನ್ನು ಬೇರೆ ಕಡೆಗೆ ಒಯ್ಯಲಿಲ್ಲ. ನನಗೆ ತಡೆಯದೆ ಒಂದು ದಿನ ಕೇಳಿಯೇಬಿಟ್ಟೆ.

"ಸಾರ್, ಇದು ಅವನನ್ನು ಒಳಗೆ ಕರೆಸುವ ಉಪಾಯವೇ? ಉಪಾಯವಾದರೆ ಇದೂ ತಪ್ಪಲ್ಲವೇ?"

ಕೇಳಿದ್ದು ಹೆಚ್ಚಾಯಿತೇನೋ ಎಂದು ನಾನು ಅಳುಕಿದೆ. ಅವರಿಗೆ ಕೋಪ ಬರಲಿಲ್ಲ.

"ಒಳಗೆ ಬರಲಿ ಎಂದು ಕರೆಯುತ್ತಿಲ್ಲಮ್ಮ. ಹಾಜರಿ ಕರೆಯುವುದು ಯಾರು ಬಂದಿಲ್ಲವೆಂದು ನಮಗೆ ತಿಳಿಯಲಿ ಎಂದು. ಅಂದು ವಾರ್ಷಿಕೋತ್ಸವದ ಮರುದಿನ ಅವನು ಬರಲಿಲ್ಲ. ನಾನು ಅವನ ಹೆಸರು ಕರೆದಿರುತ್ತೇನೆ. ಉತ್ತರ ಬರದಿದ್ದಾಗ ತಲೆ ಎತ್ತದೆ ಮುಂದಿನ ಹೆಸರಿಗೆ ಹೋಗಿರುತ್ತೇನೆ. ಈಗ ತಲೆ ಎತ್ತುವುದನ್ನು ಕಲಿಯುತ್ತಿದ್ದೇನೆ."

ಸಮಾರಂಭ ಮಾಡುವವರಿಗೆಲ್ಲ ನಾನು ಇಂದಿಗೂ ಹೇಳುವುದು ಇದನ್ನೇ. ಚಪ್ಪರ, ಅಡಿಗೆ, ಮೈಕು ಇವುಗಳ ತಪ್ಪನ್ನು ತುಂಬಿಕೊಡಬಹುದು. ಕರೆದು ಮರೆತ ಮನುಷ್ಯನನ್ನು ಏನು ಕೊಟ್ಟು ತುಂಬುತ್ತೀರಿ? ಆದರೆ ಕೇಳುವವರಿಗೆ ಇದು ಅಜ್ಜಿಯ ಉಪದೇಶವಾಗಿ ಕೇಳಿಸುತ್ತದೆ.

ಮಳೆಗಾಲ ಹತ್ತಿರವಾಗಿತ್ತು. ಅಂಗಳದ ಚಪ್ಪಲಿಗಳ ಮೇಲೆ ಧೂಳು ಕುಳಿತು, ಯಾವುದು ಯಾರದೆಂದು ಗುರುತು ಸಿಗದಂತಾಗಿತ್ತು. ಗೌಡರು ಸಮಿತಿಗೆ ರಾಜೀನಾಮೆ ಕೊಟ್ಟಿದ್ದರು. ಶಾಲೆಯ ಗಂಟೆಯನ್ನು ಬೇರೆ ಊರಿನ ಶಾಲೆಗೆ ಕೇಳಿಕೊಂಡು ಬಂದವರೂ ಇದ್ದರು. ಅಂಥ ಒಂದು ಬೆಳಿಗ್ಗೆ ಮೇಷ್ಟ್ರು ಎಂದಿನಂತೆ ಹಾಜರಿ ಕರೆದು ಕೊನೆಗೆ "ಗುರುಸಿದ್ದ" ಎಂದರು. ಕಾದರು. ನಾನೂ ಸೀಮೆಸುಣ್ಣ ಕೆಳಗಿಟ್ಟು ಕಾದೆ.

"ಹಾಜರ್ ಸಾರ್."

ಒರಟು ದನಿ, ಬಾಗಿಲಿನಿಂದಲೇ ಬಂದಿತ್ತು. ನಾನು ಓಡಿಹೋಗಿ ನೋಡಿದೆ. ಗುರುಸಿದ್ದ ಸೋಡಾದಿಂದ ಒದ್ದೆಯಾದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ನಿಂತಿದ್ದ. ಬರಿಗಾಲು.

"ಲೇಟಾಯ್ತು" ಎಂದ.

"ಆಯಿತು" ಎಂದರು ಮೇಷ್ಟ್ರು. "ಕೂತುಕೋ."

ಅವನು ಕೊನೆಯ ಬೆಂಚಿಗೆ ಹೋದ. ಮೊಣಕಾಲು ಡೆಸ್ಕಿನ ಕೆಳಗೆ ಹಿಡಿಸಲಿಲ್ಲ. ಕಾಲುಗಳನ್ನು ಪಕ್ಕಕ್ಕೆ ಚಾಚಿ, ಕೈಕಟ್ಟಿ ಕುಳಿತ. ಮೇಷ್ಟ್ರು ಬೋರ್ಡಿನ ಕಡೆಗೆ ತಿರುಗಿ ಆ ದಿನದ ಪಾಠದ ಹೆಸರನ್ನು ಬರೆಯತೊಡಗಿದರು.

ಅಷ್ಟರಲ್ಲಿ ಅಂಗಳದಲ್ಲಿ ಗದ್ದಲ ಎದ್ದಿತು. ಹೇಗೆ ಗೊತ್ತಾಯಿತೋ, ಪೇಟೆಯ ಬೀದಿಯಿಂದ ಜನ ಓಡಿಬರುತ್ತಿದ್ದರು. ಚಪ್ಪಲಿ ಎತ್ತಿ ಧೂಳು ಕೊಡವುತ್ತ, ಇದು ನನ್ನದು, ಅದು ನಿನ್ನದು ಎಂದು ಕೂಗಾಡುತ್ತಿದ್ದರು. ಗೌಡರ ದನಿ ಎಲ್ಲರಿಗಿಂತ ಮೇಲಿತ್ತು. ಮೇಷ್ಟ್ರು ತಿರುಗಿ ನೋಡಲಿಲ್ಲ. ಬರೆಯುತ್ತಲೇ ನನಗೆ ಹೇಳಿದರು.

"ಹೋಗಿ ಹೇಳಮ್ಮ ಅವರಿಗೆ, ಸದ್ದು ಮಾಡಬಾರದು ಅಂತ. ಒಳಗೆ ಪಾಠ ನಡೆಯುತ್ತಿದೆ."